ಗುಮ್ಮಟದ ಟ್ಯಾಂಕನ್ನು ಮುಟ್ಟಿ ನೋಡಿದವರು

ಪ್ರೊಫೆಸರರು ನನ್ನ ಮೇಜಿನ ಮೇಲೆ ಒಂಬತ್ತು ಫೋಟೋಗಳನ್ನು ಹರಡಿ, ಅದರಲ್ಲಿ ಒಂದನ್ನು ಮಾತ್ರ ನನ್ನ ಕಡೆಗೆ ತಿರುಗಿಸಿದರು. ನೂರು ವರ್ಷಕ್ಕೂ ಹಿಂದಿನ ಚಿತ್ರ. ದಪ್ಪ ತಗಡಿನಲ್ಲಿ ಕಟ್ಟಿದ ಒಂದು ಸಣ್ಣ ಮನೆ, ಕೆಳಗೆ ಎರಡು ಅಗಲವಾದ ಚೈನು, ಮೇಲೆ ಅರ್ಧ ಚೆಂಡಿನಂಥ ಗುಮ್ಮಟ, ಗುಮ್ಮಟದಿಂದ ಹೊರಗೆ ಚಾಚಿದ ಗಿಡ್ಡ ಫಿರಂಗಿ. ಪಕ್ಕದಲ್ಲಿ ನಿಂತ ಸೈನಿಕನ ತಲೆ ಅದರ ಅರ್ಧಕ್ಕೂ ಬರುತ್ತಿರಲಿಲ್ಲ.

"ಮೊದಲ ಮಹಾಯುದ್ಧದ ಕಾಲದಲ್ಲಿ ಇಟಲಿಯವರು ಪ್ರಯೋಗಕ್ಕೆ ಅಂತ ಮಾಡಿದ್ದು," ಎಂದರು. "ಎರಡೇ ಎರಡು ಮಾಡಿದ್ರು. ಆ ಎರಡೂ ಉಳಿದಿಲ್ಲ. ಇದರ ಮಾದರಿ ನೀವು ಮಾಡಿಕೊಡಬೇಕು."

ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಒಂದು ಪ್ಯಾಕಿಂಗ್ ಘಟಕದ ಮೇಲಿನ ಮಹಡಿಯಲ್ಲಿ ನನ್ನ ವರ್ಕ್‌ಶಾಪು. ಬಿಲ್ಡರುಗಳಿಗೆ ಅಪಾರ್ಟ್‌ಮೆಂಟಿನ ಪುಟ್ಟ ಮಾದರಿ ಮಾಡಿಕೊಡುವುದು ನನ್ನ ಕೆಲಸ. ಅಕ್ರಿಲಿಕ್ಕಿನ ಗೋಡೆ, ಸ್ಪಂಜಿನ ಮರ, ಮೇಲೊಂದು ಗಾಜಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ 'ಮುಟ್ಟಬೇಡಿ' ಎಂಬ ಚೀಟಿ. ಯುದ್ಧದ ಗಾಡಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಹಾಗೆಂದು ಹೇಳಿದಾಗ ಪ್ರೊಫೆಸರರು ನಕ್ಕು, "ಇದನ್ನ ಯಾರೂ ನೋಡಲ್ಲ. ಮುಟ್ಟುತ್ತಾರೆ," ಎಂದರು.

ಅವರು ಆಟೊಮೊಬೈಲ್ ಎಂಜಿನಿಯರಿಂಗ್ ಪಾಠ ಹೇಳಿ ನಿವೃತ್ತರಾದವರು, ಮಹಾಲಕ್ಷ್ಮಿ ಲೇಔಟಿನಲ್ಲಿ ಮನೆ. ಕೆಲವು ಗೆಳೆಯರ ಜೊತೆ ಸೇರಿ ಯಂತ್ರಗಳ ಮೊದಮೊದಲ ಪ್ರಯತ್ನಗಳ ಬಗ್ಗೆ ಒಂದು ಪ್ರದರ್ಶನ ಏರ್ಪಡಿಸುತ್ತಿದ್ದರು. ಅದರಲ್ಲಿ ಒಂದು ಕೋಣೆ ಪೂರ್ತಿ ಅಂಧ ಮಕ್ಕಳಿಗಾಗಿ. ಅಲ್ಲಿಡುವ ಪ್ರತಿಯೊಂದು ವಸ್ತುವನ್ನೂ ಅಂಧರ ಶಾಲೆಯ ಒಬ್ಬ ಟೀಚರು ಮೊದಲು ಕೈಯಿಂದ ಪರೀಕ್ಷಿಸಬೇಕು. ಅವರು ಬೇಡ ಎಂದದ್ದು ಕೋಣೆಯೊಳಗೆ ಹೋಗುವುದಿಲ್ಲ. ಪ್ರದರ್ಶನಕ್ಕೆ ಹನ್ನೊಂದು ವಾರ ಇತ್ತು.

ಇಟಲಿಯದೇ ಯಾಕೆ ಎಂದು ಕೇಳಿದೆ. ಅವರು ಬೇರೆ ಫೋಟೋಗಳನ್ನೂ ತೋರಿಸಿದರು. ಒಂದರಲ್ಲಿ ಆಳೆತ್ತರದ ನಾಲ್ಕು ಉಕ್ಕಿನ ಗಾಲಿಗಳ ಮೇಲೆ, ನಡುವಿನಲ್ಲಿ ಬಾಗುವಂತೆ ಕೀಲು ಕೊಟ್ಟ ಗಾಡಿ. ಇನ್ನೊಂದು ನಕ್ಷೆ: ಆಮೆ ಎಂದೇ ಹೆಸರಿಟ್ಟಿದ್ದ, ಪೆಟ್ರೋಲ್ ಎಂಜಿನ್ನಿನಿಂದ ವಿದ್ಯುತ್ ಮಾಡಿಕೊಂಡು ಆ ವಿದ್ಯುತ್ತಿನಿಂದ ನಡೆಯಬೇಕಿದ್ದ ಗಾಡಿ. "ಆಗ ಟ್ಯಾಂಕು ಅಂದ್ರೆ ಹೇಗಿರಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಒಬ್ಬೊಬ್ಬರು ಒಂದೊಂದು ಥರ ಯೋಚನೆ ಮಾಡಿದ್ರು. ನನಗೆ ಆ ಯೋಚನೆ ಮುಖ್ಯ." ಗುಮ್ಮಟದ ಗಾಡಿಯನ್ನು ಆರಿಸಿದ್ದಕ್ಕೂ ಕಾರಣವಿತ್ತು. ಅದೇ ಕಾಲದ ಬೇರೆ ದೇಶದ ಭಾರಿ ಗಾಡಿಗಳಲ್ಲಿ ಫಿರಂಗಿ ಪಕ್ಕದ ಗೋಡೆಯಲ್ಲೋ ಮುಂದಿನ ಗೋಡೆಯಲ್ಲೋ ಇರುತ್ತಿತ್ತು, ಎಂಜಿನ್ ಜನರ ನಡುವೆಯೇ ಉರಿಯುತ್ತಿತ್ತು. ಇದರಲ್ಲಿ ಫಿರಂಗಿ ನೆತ್ತಿಯ ಮೇಲೆ, ಸುತ್ತಲೂ ತಿರುಗುವ ಗುಮ್ಮಟದೊಳಗೆ. ಎಂಜಿನ್ ಹಿಂದೆ, ಜನರಿಂದ ಬೇರೆಯಾಗಿ. ಶಾಫ್ಟು, ಗೇರುಗಳೆಲ್ಲ ನೆಲದ ತಗಡಿನ ಕೆಳಗೆ. ಒಳಗಿನ ಹತ್ತು ಜನ ಸಪಾಟು ನೆಲದ ಮೇಲೆ ಓಡಾಡಬಹುದಿತ್ತು. ನಲವತ್ತು ಟನ್ ತೂಕ, ಮನುಷ್ಯ ಬಿರುಸಾಗಿ ನಡೆಯುವಷ್ಟೇ ವೇಗ. ಆದ್ದರಿಂದ ಎರಡಕ್ಕೇ ನಿಲ್ಲಿಸಿದರು. ಅದಕ್ಕೆ ತಯಾರಕರು ಇಟ್ಟಿದ್ದ ಹೆಸರು ಬರೀ ಒಂದು ಅಂಕಿ: ಎರಡು ಸಾವಿರ. ನಮ್ಮ ವರ್ಕ್‌ಶಾಪಿನಲ್ಲೂ ಅದೇ ಹೆಸರು ನಿಂತಿತು.

ಒಪ್ಪಿಕೊಂಡೆ. ಮೊದಲ ವಾರ ಪೂರ್ತಿ ಅಳತೆಗೇ ಹೋಯಿತು. ಉದ್ದ ಏಳೂವರೆ ಮೀಟರಿಗೆ ಸ್ವಲ್ಪ ಕಡಿಮೆ, ಅಗಲ ಮೂರಕ್ಕೆ ಸ್ವಲ್ಪ ಹೆಚ್ಚು, ಎತ್ತರ ನಾಲ್ಕರ ಹತ್ತಿರ ಎಂಬ ಲೆಕ್ಕ ಪುಸ್ತಕದಲ್ಲಿತ್ತು. ಉಳಿದದ್ದನ್ನೆಲ್ಲ ಫೋಟೋದ ಮೇಲೆ ಗೆರೆ ಎಳೆದು ಕಂಡುಹಿಡಿಯಬೇಕಿತ್ತು. ಒಂದು ಫೋಟೋದ ಗುಮ್ಮಟ ಇನ್ನೊಂದರದಕ್ಕೆ ಹೊಂದುತ್ತಿರಲಿಲ್ಲ. ಎರಡು ಗಾಡಿಗಳೂ ಒಂದೇ ಥರ ಇರಲಿಲ್ಲ ಎಂದು ಪ್ರೊಫೆಸರರು ಹೇಳಿದ ಮೇಲೆ ಒಂದನ್ನು ಆರಿಸಿ ಉಳಿದ ಫೋಟೋಗಳನ್ನು ಪಕ್ಕಕ್ಕಿಟ್ಟೆ. ಇಪ್ಪತ್ತರಲ್ಲಿ ಒಂದು ಪಾಲು ಎಂದು ಪ್ರಮಾಣ ಗೊತ್ತುಮಾಡಿದೆವು. ಮೂವತ್ತೇಳು ಸೆಂಟಿಮೀಟರ್ ಉದ್ದದ ಮಾದರಿ, ಎರಡು ಕೈಗಳ ನಡುವೆ ಹಿಡಿಸುವಂಥದ್ದು. ಇಪ್ಪತ್ತು ಮಿಲಿಮೀಟರಿನ ಕವಚಕ್ಕೆ ಒಂದು ಮಿಲಿಮೀಟರ್ ತಗಡು.

ಲೋಹದ ಕೆಲಸ ನಮ್ಮಲ್ಲಿ ಮಾಡುವವಳು ಒಬ್ಬಳೇ, ಬಾಗಲಕೋಟೆ ಕಡೆಯಿಂದ ಬಂದು ನಂದಿನಿ ಲೇಔಟಿನಲ್ಲಿ ಮನೆ ಮಾಡಿದ್ದ ಫಿಟ್ಟರು. ಐಟಿಐ ಓದಿದವಳು, ನನಗಿಂತ ಹದಿನೈದು ವರ್ಷ ಚಿಕ್ಕವಳು, ಗಂಡ ಡೆಲಿವರಿ ಕೆಲಸದಲ್ಲಿದ್ದ. ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿ ಅವಳು ಮೊದಲು ಹೇಳಿದ್ದು, "ಮೇಡಮ್ ರೀ, ಇದರಾಗ ವೆಲ್ಡಿಂಗೇ ಇಲ್ರಿ. ಬರೇ ರಿವೆಟ್ಟು, ಬೋಲ್ಟು." ಆ ರಿವೆಟ್ಟುಗಳನ್ನೆಲ್ಲ ಹಾಕುತ್ತೇನೆ ಎಂದು ಹಟ ತೊಟ್ಟಳು. ಹಿತ್ತಾಳೆಯ ಸಣ್ಣ ಮೊಳೆಗಳ ತಲೆಯನ್ನು ಉಜ್ಜಿ ಗುಂಡಗೆ ಮಾಡಿ, ತಗಡಿನಲ್ಲಿ ತೂತು ಕೊರೆದು, ಒಳಗಿನಿಂದ ಬೆಸುಗೆ ಹಾಕಿ, ಸಾಲು ಸಾಲಾಗಿ ಕೂರಿಸಿದಳು. ಹತ್ತೊಂಬತ್ತು ದಿನ ಅದೇ ಕೆಲಸ. ಸಂಜೆ ಹೊತ್ತಿಗೆ ಅವಳ ಬೆರಳ ತುದಿ ಕೆಂಪಾಗಿರುತ್ತಿತ್ತು.

ಗುಮ್ಮಟವನ್ನು ಕಾಮಾಕ್ಷಿಪಾಳ್ಯದ ಮೇಸ್ತ್ರಿಗೆ ಕೊಟ್ಟೆ. ಲೇತಿನಲ್ಲಿ ತಗಡನ್ನು ತಿರುಗಿಸುತ್ತಾ ಮರದ ಅಚ್ಚಿನ ಮೇಲೆ ಒತ್ತಿ ಬಟ್ಟಲು, ಕೊಡ, ದೀಪದ ಬುಡ ಮಾಡುವುದು ಅವರ ಕಸುಬು. ಊರು ಬಡಾವಣೆಯಾಗುವ ಮೊದಲು ಅವರ ತಂದೆಗೆ ಅಲ್ಲೇ ಹೊಲವಿತ್ತು. ಈಗ ಆ ಜಾಗದಲ್ಲಿ ಅವರದೇ ನಾಲ್ಕು ಶೆಡ್ಡುಗಳಿವೆ. ಮೂರನ್ನು ಬಾಡಿಗೆಗೆ ಕೊಟ್ಟು ಒಂದರಲ್ಲಿ ತಾವು ದುಡಿಯುತ್ತಾರೆ. ತಾಮ್ರದ ತಗಡು ಅವರ ಕೈಯಲ್ಲಿ ಐದು ನಿಮಿಷಕ್ಕೆ ಗುಮ್ಮಟವಾಯಿತು. ಒಂದು ಗೆರೆಯಿಲ್ಲ, ಒಂದು ತಗ್ಗಿಲ್ಲ. "ತಗೊಳ್ಳಮ್ಮ, ನಿಮ್ಮ ಇಟಲಿಯೋರಿಗೂ ಇಷ್ಟು ನುಣ್ಣಗೆ ಬಂದಿರಲ್ಲ," ಎಂದರು. ಆ ಮಾತು ಎಷ್ಟು ನಿಜ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಐದನೆಯ ವಾರದ ಕೊನೆಗೆ ಟೀಚರು ಬಂದರು. ಆರ್‌ಪಿಸಿ ಲೇಔಟಿನಿಂದ ಆಟೋದಲ್ಲಿ ಬಂದು, ಮಡಚುವ ಬಿಳಿ ಕೋಲಿನಿಂದ ನಮ್ಮ ಕಡಿದಾದ ಮೆಟ್ಟಿಲನ್ನು ಎಣಿಸುತ್ತಾ ಹತ್ತಿದರು. ನಲವತ್ತರ ಆಸುಪಾಸಿನ ಹೆಂಗಸು, ಹುಟ್ಟಿನಿಂದಲೇ ದೃಷ್ಟಿ ಇಲ್ಲ, ಮಕ್ಕಳಿಗೆ ಗಣಿತ ಕಲಿಸುತ್ತಾರೆ. ಪ್ರೊಫೆಸರರೂ ಬಂದಿದ್ದರು. ಫಿಟ್ಟರು ಮಾದರಿಯನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿ ಮೇಜಿನ ನಡುವಿಟ್ಟಳು. ನಮಗೆ ಮೂವರಿಗೂ ಅದು ಚೆನ್ನಾಗಿ ಬಂದಿದೆ ಎಂಬ ವಿಷಯದಲ್ಲಿ ಅನುಮಾನವೇ ಇರಲಿಲ್ಲ.

ಟೀಚರು ಎರಡೂ ಅಂಗೈಯಿಂದ ಒಮ್ಮೆ ಪೂರ್ತಿ ಸವರಿದರು. ಆಮೇಲೆ ಬಲಗೈಯ ತೋರುಬೆರಳು ಪಕ್ಕದ ಗೋಡೆಯ ಮೇಲೆ ನಿಂತಿತು. ಎಡದಿಂದ ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂದು ಒಂದು ಸಾಲು ಕೆಳಗಿಳಿದು ಬಲಕ್ಕೆ ಹೋಯಿತು. ಹುಬ್ಬು ಗಂಟಿಕ್ಕಿದರು.

"ಇಲ್ಲಿ ಏನು ಬರೆದಿದೆ?" ಎಂದರು.

"ಏನೂ ಬರೆದಿಲ್ಲ. ಅವು ರಿವೆಟ್ಟುಗಳು," ಎಂದೆ.

"ಹೌದಾ. ನಾನು ಓದೋಕೆ ಹೋದೆ. ಬ್ರೈಲ್ ಚುಕ್ಕಿಗಳ ದೂರಾನೂ ಹೆಚ್ಚುಕಡಿಮೆ ಇಷ್ಟೇ. ನನ್ನ ಬೆರಳು ಅದನ್ನ ಬಿಟ್ಟು ಮುಂದಕ್ಕೇ ಹೋಗ್ತಾ ಇಲ್ಲ." ಅವರು ಕೈಯನ್ನು ಗುಮ್ಮಟಕ್ಕೆ ಒಯ್ದರು. "ಇದು ಬೋರಲು ಹಾಕಿರೋ ಬಟ್ಟಲು. ಇದನ್ನ ಅವರು ಹೇಗೆ ಮಾಡಿದ್ರು? ಒಂದೇ ತಗಡಲ್ಲಾ?"

ಪ್ರೊಫೆಸರರು, "ಇಲ್ಲಮ್ಮ. ನಾಲ್ಕು ತುಂಡು ಬಗ್ಗಿಸಿ ರಿವೆಟ್ ಮಾಡಿದ್ದು," ಎಂದರು.

"ಅದು ನನಗೆ ಗೊತ್ತಾಗಲಿಲ್ಲ. ಒಳಗೆ ಹತ್ತು ಜನ ಅಂದ್ರಲ್ಲ ಸಾರ್ ಫೋನಲ್ಲಿ, ಅವರೆಲ್ಲಿ?"

ಒಳಗೆ ನಾನು ಯಾರನ್ನೂ ಇಟ್ಟಿರಲಿಲ್ಲ. ಟೀಚರು ಮಾದರಿಯನ್ನು ಮೆಲ್ಲಗೆ ನಮ್ಮ ಕಡೆಗೆ ಸರಿಸಿದರು. "ಬೇಜಾರು ಮಾಡ್ಕೋಬೇಡಿ. ಕೆಲಸ ತುಂಬ ಶ್ರದ್ಧೆಯಿಂದ ಮಾಡಿದೀರ, ಅದು ಗೊತ್ತಾಗುತ್ತೆ. ಆದ್ರೆ ನನ್ನ ಮಕ್ಕಳು ಇದನ್ನ ಮುಟ್ಟಿ, ಒಂದು ಡಬ್ಬ, ಮೇಲೊಂದು ಬಟ್ಟಲು ಅಂತಾರೆ. ಅಷ್ಟೇ ಅವರಿಗೆ ಸಿಗೋದು."

ಅವರು ಹೋದ ಮೇಲೆ ಫಿಟ್ಟರು ಕೆಳಗೆ ಹೋಗಿ ಅಂಗಡಿಯಿಂದ ಟೀ ತಂದಳು. ನಾನು ಮಾದರಿಯನ್ನೇ ನೋಡುತ್ತಾ ಕುಳಿತೆ. ಕಣ್ಣಿಗೆ ಅದರಲ್ಲಿ ಯಾವ ತಪ್ಪೂ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಮುಟ್ಟಿ ನೋಡಿದೆ. ಪ್ರಯೋಜನವಾಗಲಿಲ್ಲ, ಐದು ವಾರ ನೋಡಿದ್ದ ಚಿತ್ರ ತಲೆಯೊಳಗೆ ಕೂತಿತ್ತು. ನನಗೆ ಗೊತ್ತಿದ್ದದ್ದನ್ನು ಕೈ ಸುಮ್ಮನೆ ಒಪ್ಪಿಕೊಳ್ಳುತ್ತಿತ್ತು.

ಮುಂದಿನ ಹತ್ತು ದಿನ ಕೆಲಸಕ್ಕಿಂತ ಹೆಚ್ಚಾಗಿ ಮಾತೇ ಆಯಿತು. ನಾನು ರಿವೆಟ್ಟುಗಳನ್ನು ಕಡಿಮೆ ಮಾಡೋಣ ಎಂದರೆ ಪ್ರೊಫೆಸರರು ಒಪ್ಪಲಿಲ್ಲ. "ಅಳತೆ ಅಳತೇನೇ. ಮಕ್ಕಳಿಗೆ ಅಂತ ಸುಳ್ಳು ಮಾದರಿ ಕೊಡೋದು ಅವರಿಗೆ ಮಾಡೋ ಅವಮಾನ." ಅವರ ಮಾತಿನಲ್ಲೂ ಸತ್ಯವಿತ್ತು. ಒಂದು ಪಕ್ಕದ ಗೋಡೆಯನ್ನು ತೆಗೆದುಬಿಟ್ಟರೆ ಒಳಗೆ ಕೈ ಹೋಗುತ್ತದೆ ಎಂದು ಫಿಟ್ಟರು ಹೇಳಿದಳು. ರಟ್ಟಿನಲ್ಲಿ ಮಾಡಿ ನೋಡಿದೆವು. ಇಪ್ಪತ್ತರ ಪ್ರಮಾಣದಲ್ಲಿ ಒಳಗೆ ಎರಡು ಬೆರಳು ಹೋಗುತ್ತಿತ್ತು, ಹೋದದ್ದು ತಿರುಗುತ್ತಿರಲಿಲ್ಲ. ಹಾಗಿದ್ದರೆ ದೊಡ್ಡದು ಮಾಡೋಣ ಎಂದರೆ, ಮುಕ್ಕಾಲು ಮೀಟರ್ ಉದ್ದದ ವಸ್ತು ಮಗುವಿನ ಎರಡು ಕೈಗಳ ನಡುವೆ ಹಿಡಿಸುವುದಿಲ್ಲ. ಒಂದು ತುದಿ ಮುಟ್ಟುವಾಗ ಇನ್ನೊಂದು ತುದಿ ಕೈಗೆ ಸಿಗುವುದಿಲ್ಲ, ಪೂರ್ತಿ ಆಕಾರ ತಿಳಿಯುವುದಿಲ್ಲ.

ಕೊನೆಗೆ ನಾನೇ ಟೀಚರಿಗೆ ಫೋನ್ ಮಾಡಿ, ಪ್ರೊಫೆಸರರ ಎದುರಿನಲ್ಲೇ ಮಾತಾಡಬೇಕೆಂದು ಕೇಳಿಕೊಂಡೆ. ಒಂದು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದರು. ಪ್ರೊಫೆಸರರು ಅಳತೆಯ ಬಗ್ಗೆ ಹೇಳಿದ್ದನ್ನೆಲ್ಲ ಟೀಚರು ಪೂರ್ತಿ ಕೇಳಿಸಿಕೊಂಡರು.

"ಸಾರ್, ನೀವು ಈ ಗಾಡಿಯ ಫೋಟೋ ನೋಡುವಾಗ ಎಷ್ಟು ದೂರ ಹಿಡೀತೀರ?" ಎಂದು ಕೇಳಿದರು.

"ಇಷ್ಟು. ಒಂದು ಅಡಿ."

"ರಿವೆಟ್ಟು ಎಣಿಸಬೇಕು ಅಂದ್ರೆ?"

"ಹತ್ತಿರ ತಗೋತೀನಿ. ಭೂತಗನ್ನಡಿ ಇಡ್ತೀನಿ."

"ಆಗ ಇಡೀ ಗಾಡಿ ಕಾಣುತ್ತಾ?"

"ಇಲ್ಲ."

"ನಿಮಗೆ ದೂರದಿಂದ ನೋಡೋಕೂ ಆಗುತ್ತೆ, ಹತ್ತಿರದಿಂದ ನೋಡೋಕೂ ಆಗುತ್ತೆ. ನನಗೆ ಒಂದೇ ವಸ್ತು ಕೊಟ್ಟು ಎರಡನ್ನೂ ಮಾಡು ಅಂದ್ರೆ ಹೇಗೆ ಸಾರ್? ನನಗೆ ದೂರದ್ದು ಒಂದು ಬೇಕು, ಹತ್ತಿರದ್ದು ಒಂದು ಬೇಕು."

ಪ್ರೊಫೆಸರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕೂವರೆ ವಾರ ಮಾತ್ರ ಉಳಿದಿತ್ತು. ನನಗೆ ಆಗ ದಾರಿ ಹೊಳೆಯಿತು. ಈಗಿರುವ ಚಿಕ್ಕ ಮಾದರಿಯ ಮೇಲಿಂದ ರಿವೆಟ್ಟುಗಳನ್ನೆಲ್ಲ ತೆಗೆದು ನುಣ್ಣಗೆ ಮಾಡುವುದು, ಅದು ದೂರದ ನೋಟ. ಹತ್ತರಲ್ಲಿ ಒಂದು ಪಾಲಿನಷ್ಟು ದೊಡ್ಡದನ್ನು ಹೊಸದಾಗಿ ಮಾಡುವುದು, ಬಲಗಡೆಯ ಗೋಡೆ ಇಲ್ಲದೆ, ಗುಮ್ಮಟದ ನಾಲ್ಕು ತುಂಡಿನಲ್ಲಿ ಎರಡು ಮಾತ್ರ ಇಟ್ಟು, ನೆಲದ ತಗಡು ಎತ್ತಿದರೆ ಕೆಳಗಿನ ಶಾಫ್ಟು ಕೈಗೆ ಸಿಗುವ ಹಾಗೆ. ಹೇಳಿದೆ. ಹೇಳುವಾಗ ಫಿಟ್ಟರ ಮುಖ ನೋಡಲು ಧೈರ್ಯವಾಗಲಿಲ್ಲ. ಹತ್ತೊಂಬತ್ತು ದಿನದ ಅವಳ ಕೆಲಸವನ್ನು ಅವಳೇ ಉಜ್ಜಿ ತೆಗೆಯಬೇಕಿತ್ತು.

"ಒಂದ ಷರತ್ತು," ಎಂದರು ಪ್ರೊಫೆಸರರು ಕೊನೆಗೆ, ಫಿಟ್ಟರ ಮಾತಿನ ಧಾಟಿ ಅವರಿಗೂ ಅಂಟಿತ್ತು. "ಎಲ್ಲೆಲ್ಲಿ ಅಳತೆ ಬಿಟ್ಟಿದೀವೋ ಅದನ್ನ ಬ್ರೈಲಲ್ಲಿ ಬರೆದು ಪಕ್ಕದಲ್ಲಿ ಹಾಕಬೇಕು. ರಿವೆಟ್ಟುಗಳು ನಿಜಕ್ಕಿಂತ ಕಡಿಮೆ ಇವೆ, ದೊಡ್ಡವಿವೆ ಅಂತ."

"ಹಾಕೋಣ ಸಾರ್. ನಾನೇ ಬರೆದುಕೊಡ್ತೀನಿ," ಎಂದರು ಟೀಚರು.

ಸೋಮವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಫಿಟ್ಟರು ಅರದಿಂದ ಒಂದು ಗೋಡೆಯ ರಿವೆಟ್ಟುಗಳನ್ನು ಉಜ್ಜಿ ಮುಗಿಸಿದ್ದಳು. ಮೇಜಿನ ಮೇಲೆ ಹಿತ್ತಾಳೆಯ ಪುಡಿ. "ನಾ ಮಾಡ್ತೀನಿ, ನೀನು ದೊಡ್ಡದರ ಕಡೆ ನೋಡು," ಎಂದೆ. "ಬ್ಯಾಡ್ರಿ ಮೇಡಮ್. ನೀವ್ ಮಾಡಿದ್ರ ಗೀರು ಬೀಳ್ತಾವು," ಎಂದಳು. ಅವಳಿಗೆ ಬೇಸರವಾಗಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮೇಸ್ತ್ರಿಯ ಹತ್ತಿರ ಹೋಗುವುದು ಇದಕ್ಕಿಂತ ಕಷ್ಟವಾಯಿತು. ನಾಲ್ಕು ತುಂಡಿನ ಗುಮ್ಮಟ ಬೇಕು, ಜೋಡಣೆಯ ಅಂಚು ಕೈಗೆ ತಗುಲಬೇಕು ಎಂದಾಗ ಅವರ ಮುಖ ಗಡುಸಾಯಿತು. "ನುಣ್ಣಗಿರೋದು ತಪ್ಪಾ? ಅರವತ್ತು ವರ್ಷದಲ್ಲಿ ಇಂಥ ದೂರು ಕೇಳಿಲ್ಲ ನಾನು." ಮೊದಲು ಮಾಡಿದ ಗುಮ್ಮಟ ಚಿಕ್ಕ ಮಾದರಿಯ ಮೇಲೆ ಹಾಗೇ ಉಳಿಯುತ್ತದೆ ಎಂದು ಹೇಳಿ ಸಮಾಧಾನ ಮಾಡಬೇಕಾಯಿತು. ಫೋಟೋ ಕೊಟ್ಟೆ. ಬಾಗಿಲಿನ ಬೆಳಕಿಗೆ ಹೋಗಿ ತುಂಬ ಹೊತ್ತು ನೋಡಿದರು.

"ಇದು ಲೇತಿನ ಕೆಲಸ ಅಲ್ಲ," ಎಂದರು. "ಇದು ಬಡಿದಿರೋದು. ಬಿಸಿ ಮಾಡಿ, ಅಚ್ಚಿಗೆ ಹಾಕಿ ಬಡಿದು ಬಡಿದು ತಂದಿದಾರೆ. ಇಷ್ಟು ದಪ್ಪ ತಗಡು. ಎಷ್ಟು ಜನ ಬಡಿದ್ರೋ." ಆಮೇಲೆ ಶೆಡ್ಡಿನ ಮೂಲೆಯಲ್ಲಿ, ಚಿಕ್ಕಂದಿನಲ್ಲಿ ತಾವು ಕೆಲಸ ಕಲಿತ ಕಾಲದ ಮರದ ಸುತ್ತಿಗೆಗಳನ್ನು ಹುಡುಕಿ ತೆಗೆದರು. ಲೇತು ಬಂದ ಮೇಲೆ ಅವನ್ನು ಮುಟ್ಟಿರಲಿಲ್ಲವಂತೆ. ಮೊದಲ ಎರಡು ತುಂಡು ಸೀಳಿದವು. ಮೂರನೆಯದು ಅಚ್ಚಿಗೆ ಕೂತಿತು. ನಾಲ್ಕನೆಯದನ್ನು ಮಾಡುವಾಗ ನನ್ನನ್ನು ಹೊರಗೆ ಕೂರಿಸಿದರು. ಎರಡು ಒಳ್ಳೆಯ ತುಂಡು ನನ್ನ ಕೈಗೆ ಕೊಟ್ಟಾಗ ಅವುಗಳ ಮೇಲೆ ಸುತ್ತಿಗೆಯ ಸಣ್ಣ ಸಣ್ಣ ತಗ್ಗುಗಳಿದ್ದವು. "ಪಾಲಿಶ್ ಮಾಡ್ಲಾ?" ಎಂದರು. ಬೇಡ ಎಂದೆ.

ಇತ್ತ ದೊಡ್ಡ ಮಾದರಿಯ ಒಡಲು ಕೈಕೊಟ್ಟಿತು. ಬೇಗ ಆಗಲಿ ಎಂದು ಎರಡು ಮಿಲಿಮೀಟರ್ ತಗಡುಗಳನ್ನು ವೆಲ್ಡ್ ಮಾಡಿಸಿದ್ದು ನನ್ನ ತಪ್ಪು. ನಾಲ್ಕು ಗೋಡೆ ಇದ್ದಿದ್ದರೆ ನಿಲ್ಲುತ್ತಿತ್ತೇನೋ. ಒಂದು ಗೋಡೆ ಇಲ್ಲದ ಪೆಟ್ಟಿಗೆ ಬಿಸಿಗೆ ತಿರುಚಿಕೊಂಡಿತು. ಮೇಜಿನ ಮೇಲಿಟ್ಟರೆ ಒಂದು ಮೂಲೆ ಬೆರಳಿನಷ್ಟು ಮೇಲೆದ್ದು ಗಡಗಡ ಅಲ್ಲಾಡುತ್ತಿತ್ತು. ಫಿಟ್ಟರು ಎರಡು ದಿನ ಬಡಿದು ನೆಟ್ಟಗೆ ಮಾಡಲು ನೋಡಿದಳು. ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಏಳುತ್ತಿತ್ತು.

ಮೂರನೆಯ ದಿನ ಅವಳು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟಳು. "ಅವ್ರು ಮಾಡಿಧಂಗ ಮಾಡೂಣ್ರಿ. ಮೊದ್ಲ ಒಳಗ ಆಂಗಲ್ಲಿಂದ ಚೌಕಟ್ಟು. ಆಮ್ಯಾಲೆ ತಗಡು ಅದಕ್ಕ ಬೋಲ್ಟು, ರಿವೆಟ್ಟು. ಬೆಂಕಿ ತೋರ್ಸೂದೇ ಬ್ಯಾಡ."

ಮೂರು ವಾರವೂ ಉಳಿದಿರಲಿಲ್ಲ. ವೆಲ್ಡ್ ಮಾಡಿದ್ದನ್ನೆಲ್ಲ ಕತ್ತರಿಸಿ ಮೊದಲಿನಿಂದ ಶುರುಮಾಡಿದೆವು. ಅಷ್ಟು ದಿನ ಫೋಟೋದಲ್ಲಿ ನಾನು ಎಣಿಸಿದ್ದ ರಿವೆಟ್ಟಿನ ಸಾಲುಗಳು ಅಲ್ಲೇಕೆ ಇದ್ದವು ಎನ್ನುವುದು ನನಗೆ ಆಗಲೇ ಅರ್ಥವಾದದ್ದು. ಒಂದೊಂದು ಸಾಲಿನ ಹಿಂದೆಯೂ ಎಲ್ ಆಕಾರದ ಒಂದೊಂದು ಕಬ್ಬಿಣದ ಆಂಗಲ್ ಅಡಗಿತ್ತು. ನಾವು ಚೌಕಟ್ಟನ್ನು ಎಲ್ಲಿ ಕೊಡಬೇಕೆಂದು ಊಹೆ ಮಾಡಬೇಕಾಗಿರಲಿಲ್ಲ, ಸಾಲುಗಳೇ ಹೇಳುತ್ತಿದ್ದವು. ಈ ಸಲ ರಿವೆಟ್ಟುಗಳು ದೊಡ್ಡ ತಲೆಯವು, ಒಂದರಿಂದ ಒಂದು ಹೆಬ್ಬೆರಳ ಅಗಲ ದೂರ. ಯಾವ ಬೆರಳೂ ಅದನ್ನು ಅಕ್ಷರ ಎಂದುಕೊಳ್ಳುವಂತಿರಲಿಲ್ಲ. ಚೌಕಟ್ಟಿಗೆ ಕೊನೆಯ ಬೋಲ್ಟು ಬಿಗಿದು ಮೇಜಿನ ಮೇಲಿಟ್ಟಾಗ ಅದು ಅಲ್ಲಾಡಲಿಲ್ಲ. ಫಿಟ್ಟರು ಅದರ ಮೇಲೆ ಎರಡೂ ಕೈ ಊರಿ ತನ್ನ ಭಾರ ಹಾಕಿ ನೋಡಿ, "ಹೂಂ," ಎಂದಳು.

ಟೀಚರು ನಡುವೆ ಎರಡು ಸಲ ಬಂದರು. ಒಂದು ಸಲ ಕತ್ತರಿಸಿದ ಅಂಚನ್ನು ಮುಟ್ಟಿ, "ಗೋಡೆ ಇಲ್ಲಿಗೆ ಮುಗೀತು ಅಂತ ಮಕ್ಕಳು ಅಂದ್ಕೋತಾರೆ. ಇದು ನೀವು ಕತ್ತರಿಸಿದ್ದು ಅಂತ ಕೈಗೆ ಗೊತ್ತಾಗಬೇಕಲ್ಲ," ಎಂದರು. ಕತ್ತರಿಸಿದ ಕಡೆಯೆಲ್ಲ ಉಣ್ಣೆಯ ಪಟ್ಟಿ ಅಂಟಿಸಿದೆವು. ಮೆತ್ತಗಿದ್ದರೆ ನಾವು ಕತ್ತರಿಸಿದ್ದು, ಗಟ್ಟಿಯಿದ್ದರೆ ಗಾಡಿಯದೇ. ಪಕ್ಕಕ್ಕೆ ಹತ್ತರಂತೆ ಗಾಲಿಗಳು, ಅವುಗಳಲ್ಲಿ ಎಂಟು ಜೋಡಿಜೋಡಿಯಾಗಿ ಪಟ್ಟಿ ಸ್ಪ್ರಿಂಗಿಗೆ ಸೇರಿದ್ದವು. ಆ ಸ್ಪ್ರಿಂಗುಗಳನ್ನು ಒತ್ತಿದರೆ ಬಗ್ಗುವಂತೆ ನಿಜವಾದ ಉಕ್ಕಿನ ಪಟ್ಟಿಯಲ್ಲೇ ಮಾಡಿದೆವು. ಗುಮ್ಮಟ ಒಂದು ಬೇರಿಂಗಿನ ಮೇಲೆ ಸುತ್ತಲೂ ತಿರುಗುತ್ತಿತ್ತು. ಹತ್ತು ಜನರನ್ನು ಮರದಲ್ಲಿ ಕಡೆಸಿದೆ, ಒಬ್ಬೊಬ್ಬ ಒಂದು ಗೇಣಿಗೆ ಸ್ವಲ್ಪ ಕಡಿಮೆ ಎತ್ತರ, ಸೊಂಟದಲ್ಲಿ ಬಾಗುವಂತೆ, ಬೇಕಾದರೆ ಎತ್ತಿ ತೆಗೆಯುವಂತೆ. ಡ್ರೈವರು ಮುಂದೆ, ಫಿರಂಗಿಯವರು ಗುಮ್ಮಟದ ಕೆಳಗೆ ನಿಂತು, ಉಳಿದವರು ಏಳು ಮೆಷಿನ್‌ಗನ್ನುಗಳ ಹಿಂದೆ ಮತ್ತು ನಡುವೆ.

ಪ್ರದರ್ಶನಕ್ಕೆ ನಾಲ್ಕು ದಿನ ಇದ್ದಾಗ ಟೀಚರು ತಮ್ಮ ಇಬ್ಬರು ವಿದ್ಯಾರ್ಥಿನಿಯರನ್ನು ಕರೆದುಕೊಂಡು ಬಂದರು. ಇಬ್ಬರೂ ಎಂಟನೇ ತರಗತಿ. ಒಬ್ಬಳು ಮಾತಿನವಳು, ಇನ್ನೊಬ್ಬಳು ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಮೇಸ್ತ್ರಿಯೂ ಅಂದು ಬಂದು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕುಳಿತಿದ್ದರು.

ಮಾತಿನ ಹುಡುಗಿ ಚಿಕ್ಕ ಮಾದರಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ಮುಂದು, ಹಿಂದು, ಚೈನು, ಗುಮ್ಮಟ. ಅರ್ಧ ನಿಮಿಷ ಆಗಿರಬಹುದು. ಅಲ್ಲಿಂದ ದೊಡ್ಡದಕ್ಕೆ ಹೋದವಳು ನೇರವಾಗಿ ಗುಮ್ಮಟಕ್ಕೇ ಕೈ ಹಾಕಿದಳು. ಎಲ್ಲಿದೆ ಎಂದು ಹುಡುಕಲಿಲ್ಲ. ಪ್ರೊಫೆಸರರು ನನ್ನ ಕಡೆ ನೋಡಿದರು.

"ಮಿಸ್, ಇದು ಎರಡು ತಗಡು ಒಂದರ ಮೇಲೊಂದು ಬಂದಿದೆ. ಇಲ್ಲಿ ಸೇರಿಸಿದಾರೆ. ಮೇಲೆಲ್ಲ ತಗ್ಗು ತಗ್ಗು ಇದೆ, ಯಾಕೆ?"

"ಅದು ಸುತ್ತಿಗೆ ಏಟಿನ ಗುರುತು ಕಣಮ್ಮ," ಎಂದರು ಮೇಸ್ತ್ರಿ ಕುಳಿತಲ್ಲಿಂದಲೇ. "ನಂದು."

ಇನ್ನೊಬ್ಬ ಹುಡುಗಿ ಒಡಲಿನೊಳಗೆ ಕೈ ಇಟ್ಟಿದ್ದಳು. ಅವಳು ಜನರನ್ನು ಒಬ್ಬೊಬ್ಬರಾಗಿ ಮುಟ್ಟುತ್ತಿದ್ದಳು. ತಲೆ, ಭುಜ, ಮುಂದೆ ಚಾಚಿದ ಕೈ, ಎದುರಿನ ಬಂದೂಕು. ನೆಲದ ತಗಡು ಎತ್ತಿಸಿಕೊಂಡು ಶಾಫ್ಟನ್ನು ಉದ್ದಕ್ಕೂ ಸವರಿದಳು. ಹಿಂದೆ ಎಂಜಿನ್ನಿನ ಅಡ್ಡಗೋಡೆ ಸಿಕ್ಕಿತು. "ಇದಕ್ಕೇ ಇವರಿಗೆ ಸೆಕೆ ಕಡಿಮೆ," ಎಂದಳು, ತನಗೇ ಹೇಳಿಕೊಳ್ಳುವಂತೆ. ನಂತರ ಅವಳ ಕೈ ಎಡಗಡೆಯ ಗೋಡೆಯನ್ನು ಒಳಗಿನಿಂದ ತಡವಿತು, ಮೇಲೆ ಹೋಯಿತು, ಮುಂದೆ ಹೋಯಿತು, ಹಿಂದಕ್ಕೆ ಬಂತು. ಮತ್ತೆ ಇನ್ನೊಂದು ಸಲ.

"ಆಂಟಿ, ಇವರು ಆಚೆ ಬರೋದು ಎಲ್ಲಿಂದ?"

"ಬಲಗಡೆಯಿಂದ ಅಲ್ವಾ," ಎಂದಳು ಗೆಳತಿ.

"ಅಲ್ಲಿ ಉಣ್ಣೆ ಇದೆ. ಅದು ಇವರು ಕತ್ತರಿಸಿರೋದು. ನಿಜವಾದ ಗಾಡೀಲಿ ಅಲ್ಲಿ ಗೋಡೆ ಇರುತ್ತೆ. ಇದು ಎಲ್ಲಾದರೂ ಕೆಟ್ಟು ನಿಂತ್ರೆ ಇವರು ಒಳಗೇ ಇರಬೇಕಾ?"

ಎಡಗಡೆಯ ಗೋಡೆಯ ಮೇಲೆ ಬಾಗಿಲು ಇತ್ತು. ಹೊರಗಿನಿಂದ ಒಂದು ಗೀರು ಎಳೆದು ಅದನ್ನು ತೋರಿಸಿದ್ದೆ, ಕಣ್ಣಿಗೆ ಕಾಣುವಷ್ಟು. ಬೆರಳಿಗೆ ಸಿಗುವಷ್ಟಲ್ಲ. ಐದು ವಾರದಿಂದ ಇದನ್ನೇ ಕಲಿತೆ ಎಂದುಕೊಂಡಿದ್ದವಳು ನಾನು. ಪ್ರೊಫೆಸರರು ಚೀಲದಿಂದ ಫೋಟೋ ತೆಗೆದು ಕಿಟಕಿಯ ಹತ್ತಿರ ಒಯ್ದರು. "ಇದೆಯಮ್ಮ, ಬಾಗಿಲಿದೆ. ಎಡಗಡೆ. ನಾವು ತೆರೆದಿಲ್ಲ."

"ತೆರೀರಿ," ಎಂದಳು ಹುಡುಗಿ.

ಕಟ್ಟಿದ ಗೋಡೆಯನ್ನು ಕತ್ತರಿಸಿದರೆ ಮತ್ತೆ ಒಡಲು ತಿರುಚಿಕೊಂಡೀತು ಎಂಬ ಹೆದರಿಕೆ ನನಗಿತ್ತು. ಫಿಟ್ಟರು ಒಳಗೆ ಬಗ್ಗಿ ನೋಡಿದಳು. "ಬಾಗ್ಲದ ಎರಡೂ ಬದಿಗೆ ಆಂಗಲ್ ಅದಾವ್ರಿ. ಅವ್ರೂ ಅಲ್ಲೇ ಕೊಟ್ಟಿದ್ರು. ಏನೂ ಆಗೂದಿಲ್ಲ." ಮರುದಿನವೆಲ್ಲ ಅವಳು ಯಂತ್ರ ಮುಟ್ಟದೆ ಕೈಗರಗಸದಿಂದಲೇ ಆ ಗೀರಿನುದ್ದಕ್ಕೂ ಕೊಯ್ದಳು. ಒಡಲು ಕದಲಲಿಲ್ಲ. ಎರಡು ಹಿಂಜು, ಒಂದು ಪುಟ್ಟ ಚಿಲಕ ಹಾಕಿದೆವು.

ಪ್ರದರ್ಶನದ ಮೊದಲ ದಿನ ಬೆಳಿಗ್ಗೆ ಆ ಕೋಣೆಯಲ್ಲಿ ಹದಿನಾಲ್ಕು ಮಕ್ಕಳಿದ್ದರು. ಮಾತು ಕಡಿಮೆಯ ಹುಡುಗಿ ನಮ್ಮ ಮೇಜಿಗೆ ಬಂದಾಗ ನಾನು ಗೋಡೆಗೆ ಒರಗಿ ನಿಂತಿದ್ದೆ, ಅವಳಿಗೆ ನಾನಿದ್ದದ್ದು ಗೊತ್ತಿರಲಿಲ್ಲ. ಎಡಗಡೆಗೆ ಹೋಗಿ ಚಿಲಕ ಹುಡುಕಿ ಸರಿಸಿದಳು. ಕೈ ಒಳಗೆ ಹಾಕಿ ಮೊದಲು ಸಿಕ್ಕವನನ್ನು ಹಿಡಿದು ಎಳೆದಳು. ಅವನು ಬಾಗಿಲಿಗೆ ತಾಗಿ ನಿಂತ. ಅವಳು ಅವನ ಸೊಂಟ ಬಗ್ಗಿಸಿದಳು, ಹೊರಗೆ ಬಂದ. ಅವನನ್ನು ಮೇಜಿನ ಮೇಲೆ ನಿಲ್ಲಿಸಿ ಎರಡನೆಯವನಿಗೆ ಕೈ ಹಾಕಿದಳು. ಗುಮ್ಮಟದ ಕೆಳಗಿನವರು ಸುಲಭವಾಗಿ ಬಂದರು. ಹಿಂದಿನ ಮೆಷಿನ್‌ಗನ್ನಿನವನನ್ನು ತರಲು ಮೊಣಕೈವರೆಗೆ ಕೈ ಹಾಕಬೇಕಾಯಿತು. ಎಣಿಸುವುದು ಕೇಳುತ್ತಿತ್ತು. ಏಳು, ಎಂಟು, ಒಂಬತ್ತು. ಡ್ರೈವರು ಮುಂದಿನ ಮೂಲೆಯಲ್ಲಿದ್ದ. ಅವನನ್ನು ತರಲು ತಡವಾಯಿತು. ಅವಳು ಅವಸರ ಮಾಡಲಿಲ್ಲ. ಅವನ ತಲೆಯನ್ನು ತಗ್ಗಿಸಿ, ಸ್ವಲ್ಪ ಓರೆ ಮಾಡಿ, ಬಾಗಿಲ ಅಂಚು ತಗುಲದ ಹಾಗೆ ಹೊರಗೆ ತಂದು ಉಳಿದವರ ಪಕ್ಕದಲ್ಲಿ ನಿಲ್ಲಿಸಿದಳು.

"ಹತ್ತು," ಎಂದು ಹೇಳಿ, ಸಾಲಿನಲ್ಲಿ ನಿಂತ ಮುಂದಿನ ಮಗುವಿಗೆ ಜಾಗ ಬಿಟ್ಟಳು.